ಬಟ್ಟೆ ಒಣಗಿಸುವ ನೀರು

ಮಗುವಿನ ಅಂಗಿಯ ಕಂಕುಳು ಇನ್ನೂ ಒದ್ದೆಯಾಗಿದೆಯೋ, ಇಲ್ಲಾ ತನ್ನ ಬೆರಳೇ ತಣ್ಣಗಿದೆಯೋ? ತಲೆಯೊಳಗೆ ಹೊಕ್ಕ ಆ ಅನುಮಾನ ಮತ್ತೆ ಹೊರಗೆ ಹೋಗಲೇ ಇಲ್ಲ. ಅವಳು ಅಂಗಿಯನ್ನು ಕೆನ್ನೆಗೆ ಒತ್ತಿ ನೋಡುವಳು, ತುಟಿಗೆ ತಾಗಿಸಿ ನೋಡುವಳು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುವಳು. ಒಣಗಿದೆ ಅನ್ನಿಸುವುದು. ಮಡಿಸಿ ಕಪಾಟಿನಲ್ಲಿಟ್ಟು ಬಾಗಿಲವರೆಗೆ ಹೋದವಳಿಗೆ, ಇಲ್ಲ, ಒದ್ದೆಯೇ ಅನ್ನಿಸಿ ಮತ್ತೆ ತೆಗೆಯುವಳು.

“ನೀನು ಅದನ್ನ ಇಷ್ಟು ಸಲ ಮುಟ್ಟಿದ್ರೆ ನಿನ್ನ ಕೈಬಿಸಿಗೇ ಒಣಗುತ್ತೆ ಬಿಡು, ಮೆಷಿನ್ ಯಾಕೆ ಬೇಕು?” ಎಂದ ಗಂಡ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಯಾವುದನ್ನೂ ಎರಡು ಸಲ ಅಳೆದ ಮೇಲೆ ಮೂರನೆಯ ಸಲ ನೋಡುವ ಅಭ್ಯಾಸ ಅವನಿಗಿಲ್ಲ. ಅವಳಿಗೆ ಮೂವತ್ತನೆಯ ಸಲವೂ ಸಮಾಧಾನವಿಲ್ಲ.

ಅವಳ ಆತಂಕ ಸುಮ್ಮನೆ ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. ಮಗುವಿನ ಎದೆ ಹುಟ್ಟಿನಿಂದಲೇ ಸೂಕ್ಷ್ಮ. ಸ್ವಲ್ಪ ಥಂಡಿಯಾದರೆ ಸಾಕು, ಹಳೆಯ ಬಾಗಿಲಿನ ಕೀಲಿನಂತೆ ಕಿರ್ ಎನ್ನುವುದು. “ಮಗು ಮಲಗೋ ಕೋಣೇಲಿ ಒದ್ದೆ ಬಟ್ಟೆ ಹರವಬೇಡಿ, ಅರೆಬರೆ ಒಣಗಿದ್ದು ಹಾಕಬೇಡಿ” ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಮೂರನೆಯ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಬಟ್ಟೆ ಹರವಲು ಬೇರೆ ಜಾಗವೇ ಇರಲಿಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬಿಸಿಲು ಬಂದರೂ ಸಾಲ ಕೇಳಲು ಬಂದವರಂತೆ ಹೊಸ್ತಿಲಲ್ಲೇ ನಿಂತು ಹೋಗುವುದು. ಅದಕ್ಕೇ ಒಗೆಯುವುದು, ಒಣಗಿಸುವುದು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಮಾಡುವ ಯಂತ್ರವನ್ನು ತಂದು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದ್ದರು. ಮೊದಮೊದಲು ಅದರಿಂದ ಬಟ್ಟೆ ತೆಗೆದರೆ ಆಗತಾನೇ ಎದ್ದ ಮಗುವಿನ ಹಾಗೆ ಬೆಚ್ಚಗಿರುತ್ತಿತ್ತು. ಈಚೆಗೆ ಮಧ್ಯಾಹ್ನವಿಡೀ ಗಿರಗಿರನೆ ತಿರುಗಿದರೂ ಹೊರಗೆ ಬರುವುದು ಬಿಸಿಬಿಸಿಯಾದ ಒದ್ದೆ ಬಟ್ಟೆ.

ಇತ್ತ ಸೋಮವಾರ ಹತ್ತಿರ ಬರುತ್ತಿತ್ತು. ಸೋಮವಾರ ಅವಳು ರಕ್ತಪರೀಕ್ಷೆಯ ಲ್ಯಾಬಿಗೆ ಮರಳಿ ಕೆಲಸಕ್ಕೆ ಹೋಗಬೇಕು. ಮಗುವನ್ನು ತನ್ನ ಅಪ್ಪನ ಕೈಯಲ್ಲಿ ಬಿಟ್ಟು ಹೋಗಬೇಕು. ಬಿಟ್ಟು ಹೋಗಬಹುದೇ? ಮನಸ್ಸು ಆ ಪ್ರಶ್ನೆಯ ಹತ್ತಿರ ಹೋದಾಗಲೆಲ್ಲ ಅವಳು ಅದನ್ನು ಯಂತ್ರದ ಕಡೆಗೆ ಎಳೆದು ತರುತ್ತಿದ್ದಳು. ಮೊದಲು ಇದೊಂದು ಸರಿಹೋಗಲಿ, ಆಮೇಲೆ ಎಲ್ಲ ಸರಿಹೋಗುತ್ತದೆ.

ಅವಳ ಅಪ್ಪ ಕೆಲಸ ಮಾಡಿದ್ದು ನೀರು ಸರಬರಾಜಿನ ಇಲಾಖೆಯಲ್ಲಿ. ದೊಡ್ಡ ಹುದ್ದೆಯೇನಲ್ಲ. ಬೀದಿಬೀದಿಯಲ್ಲಿ ನೆಲದೊಳಗಿನ ವಾಲ್ವ್ ತಿರುಗಿಸಿ ನೀರು ಬಿಡುವುದು, ಹೊತ್ತಾದ ಮೇಲೆ ನಿಲ್ಲಿಸುವುದು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಅವರನ್ನು ಬೀದಿಯ ಮಕ್ಕಳೆಲ್ಲ ಕೀಲಿ ಮಾಮ ಎನ್ನುತ್ತಿದ್ದರು. ಗಡಿಯಾರ ನೋಡಿ ಅವರು ಬರುತ್ತಿದ್ದರೋ, ಅವರನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೋ ಹೇಳುವುದು ಕಷ್ಟ. ಎಲ್ಲಿಯಾದರೂ ಪೈಪು ಸೋರುತ್ತಿದೆ ಎಂಬ ದೂರು ಬಂದರೆ ಅಗೆಯುವವರಿಗಿಂತ ಮುಂಚೆ ಅವರನ್ನು ಕರೆಸುತ್ತಿದ್ದರು. ಕೀಲಿಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಉಸಿರು ಹಿಡಿದು ನಿಲ್ಲುವರು. ಆಮೇಲೆ ಕಾಲಿನಿಂದ ಒಂದು ಗೆರೆ ಎಳೆದು “ಇಲ್ಲಿ ಅಗೀರಿ” ಎನ್ನುವರು.

“ನಾನು ಬಾಯಿ ಬಡ್ಕೊಂಡ್ರೂ ಈ ಮನುಷ್ಯನಿಗೆ ಕೇಳಲ್ಲ, ನೆಲದ ಕೆಳಗಿನ ಪೈಪು ಪಿಸುಗುಟ್ಟಿದ್ರೆ ಮಾತ್ರ ಕೇಳುತ್ತೆ” ಎಂದು ಅವಳ ಅಮ್ಮ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದಳು. ಮಗಳ ಮದುವೆಯ ದೊಡ್ಡ ಫೋಟೋದಲ್ಲಿ ಎರಡೂ ಕಡೆಯ ನೆಂಟರಿದ್ದಾರೆ, ಅಪ್ಪನಿಲ್ಲ. ಆ ಹೊತ್ತಿಗೆ ಅವರು ಛತ್ರದ ಹಿಂದೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ದಾರ ಸುತ್ತುತ್ತಿದ್ದರು.

ಹೀಗೆ ನೀರಿನ ಹಿಂದೆ ತಿರುಗಿ ತಿರುಗಿ ಒಂದು ದಿನ ಕೀಲಿಯನ್ನು ಇಲಾಖೆಗೆ ಒಪ್ಪಿಸಿ ಬಂದರು. ಅಮ್ಮ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಸೇರಿದರು. ಬಂದ ಹೊಸದರಲ್ಲಿ ಕೈಗೆ ಕೆಲಸವಿಲ್ಲದೆ ಕೋಣೆಯಿಂದ ಕೋಣೆಗೆ ಓಡಾಡುತ್ತ, “ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ನಿನ್ನ ಗಂಡ ಹುಷಾರಾಗಿರಲಿ ಕಣಮ್ಮ” ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಮೊಮ್ಮಗಳು ಹುಟ್ಟಿದ್ದೇ ತಡ, ಆ ಮಾತು ನಿಂತುಹೋಯಿತು. ಹಾಲು ಬೆಚ್ಚಗೆ ಮಾಡಿ ಮಣಿಕಟ್ಟಿನ ಮೇಲೆ ಹನಿಸಿ ನೋಡುವುದನ್ನು ಕಲಿತರು, ಚಡ್ಡಿ ಬದಲಿಸುವುದನ್ನು ಕಲಿತರು. ಮಗುವಿಗೆ ಅವರಿಟ್ಟ ಹೆಸರು ಇಂಜಿನಿಯರಮ್ಮ. “ಬರ್ತಾರೆ, ಎಲ್ಲಾ ಮುಟ್ಟಿ ನೋಡ್ತಾರೆ, ತಲೆ ಆಡಿಸ್ತಾರೆ, ಏನೂ ಮಾಡದೆ ಹೋಗ್ತಾರೆ. ನಮ್ಮ ಇಲಾಖೆ ಇಂಜಿನಿಯರ್ರೇ ಸರಿ!” ಇನ್ನು ಮೇಲೆ ಹಗಲೆಲ್ಲ ಮಗುವನ್ನು ನೀವೇ ನೋಡಿಕೊಳ್ಳಬೇಕಪ್ಪಾ ಎಂದು ಅವಳು ಹೇಳಿದ ದಿನ ಅವರು ಹೋಗಿ ಕೂದಲು ಕತ್ತರಿಸಿಕೊಂಡು ಬಂದು, ಅವಳ ಮುಂದೆ ನೆಟ್ಟಗೆ ನಿಂತು ಕೇಳಿದ್ದರು: “ಡ್ಯೂಟಿ ಎಷ್ಟು ಹೊತ್ತಿಗೆ ಶುರು?”

ಯಂತ್ರವನ್ನು ಅವಳು ಪರೀಕ್ಷೆಗೆ ಓದುವ ಹುಡುಗಿಯಂತೆ ಓದಿದಳು. ಅದರ ಜೊತೆ ಬಂದಿದ್ದ ಪುಸ್ತಕವನ್ನು ಮಗು ಮಲಗಿದಾಗಲೆಲ್ಲ ಬಿಡಿಸಿ ಕೂತಳು. ಮೊದಲು ಗೊತ್ತಾದದ್ದು, ಒಗೆಯುವಷ್ಟು ಬಟ್ಟೆಯನ್ನು ಈ ಯಂತ್ರ ಒಣಗಿಸಲಾರದು ಎಂಬುದು. ತುಂಬ ಒಗೆದು, ಅರ್ಧ ತೆಗೆದು, ಉಳಿದರ್ಧವನ್ನು ಒಣಗಿಸಬೇಕು. ಬಟ್ಟೆ ಹೊರಳಾಡಲು ಜಾಗವಿಲ್ಲದಿದ್ದರೆ ಗಾಳಿ ಎಲ್ಲಿಂದ ಹೊಕ್ಕೀತು? ಹಾಗೇ ಮಾಡಿದಳು. ಒಣಗಲಿಲ್ಲ. ಕೆಳಗಿನ ಪುಟ್ಟ ಬಾಗಿಲು ತೆಗೆದು, ತಟ್ಟೆಯಿಟ್ಟು, ಪಂಪಿನ ಜಾಲರಿಯನ್ನು ತಿರುಗಿಸಿ ಹೊರಗೆಳೆದಳು. ಬೂದುಬಣ್ಣದ ನಾರು, ಮಗುವಿನ ಅಂಗಿಯ ಗುಂಡಿ, ಗಂಡನ ಅಂಗಡಿಯ ಸಣ್ಣ ತಿರುಪು ಒಂದು ಸಿಕ್ಕವು. “ಓ, ಇದನ್ನ ಹುಡುಕಿ ಹುಡುಕಿ ಸಾಕಾಗಿತ್ತು!” ಎಂದು ಗಂಡ ಖುಷಿಪಟ್ಟ. ಬಟ್ಟೆ ಒಣಗಲಿಲ್ಲ. ಬಾಗಿಲಿನ ಸುತ್ತಲ ರಬ್ಬರನ್ನು ಮಡಿಕೆ ಬಿಡಿಸಿ ಒರೆಸಿದಳು. ಅಲ್ಲಿ ಅಂಟಿದ್ದ ಕಪ್ಪು ಲೋಳೆಯನ್ನು ಉಗುರಿನಿಂದ ಕೆರೆದು ತೆಗೆದಳು. ಸೋಪಿನ ಪುಡಿ ಕಡಿಮೆ ಮಾಡಿದಳು, ಕೊಳೆನೀರಿನ ಕೊಳವೆ ಮಡಚಿಕೊಂಡಿದೆಯೋ ಎಂದು ಯಂತ್ರದ ಹಿಂದೆ ಕೈ ತೂರಿಸಿ ತಡಕಿದಳು, ಬಟ್ಟೆ ಹಾಕದೆ ಬಿಸಿನೀರಿನಲ್ಲಿ ಖಾಲಿ ಓಡಿಸಿದಳು. ವಾಸನೆ ಹೋಯಿತು. ಬಟ್ಟೆ ಮಾತ್ರ ಒಣಗಲಿಲ್ಲ.

ಕೊನೆಗೆ ರಿಪೇರಿಯವನನ್ನು ಕರೆಸಿದಳು. ಅವನು ಎರಡು ಟವೆಲ್ ಒಗೆದು, ಅಲ್ಲೇ ಸ್ಟೂಲಿನ ಮೇಲೆ ಕೂತು ಒಣಗಿಸಿದ. ಹಪ್ಪಳದ ಹಾಗೆ ಗರಿಗರಿಯಾಗಿ ಬಂದವು.

“ಡಾಕ್ಟರ ಮುಂದೆ ಮಕ್ಕಳು ಕೆಮ್ಮಲ್ಲ ನೋಡಿ ಮೇಡಂ, ಹಾಗೆ ಇದು” ಎಂದು ಅವನು ನಕ್ಕ. “ಹೀಟರ್ ಚೆನ್ನಾಗಿದೆ, ಫ್ಯಾನ್ ಚೆನ್ನಾಗಿದೆ. ನಲ್ಲಿ ಒಂದು ಗಮನಿಸಿ. ಒಣಗಿಸೋವಾಗ್ಲೂ ನಲ್ಲಿ ತೆರೆದೇ ಇರಬೇಕು.”

“ಒಣಗಿಸೋದಕ್ಕೆ ನೀರಾ?”

“ಹೂಂ. ಬಟ್ಟೆಯಿಂದ ಏಳೋ ಹಬೆ ಎಲ್ಲಿಗೆ ಹೋಗಬೇಕು? ಇದಕ್ಕೆ ಹಬೆ ಹೊರಗೆ ಬಿಡೋ ಕೊಳವೆ ಇಲ್ಲ. ಒಳಗಡೆ ತಣ್ಣೀರು ಸಣ್ಣಗೆ ಹರೀತಿರುತ್ತೆ. ಹಬೆ ಅದಕ್ಕೆ ತಾಗಿ ನೀರಾಗಿ ಹೊರಗೆ ಹೋಗುತ್ತೆ. ನೀರು ನಿಂತ್ರೆ ಹಬೆ ವಾಪಸ್ ಬಟ್ಟೆಗೇ.”

“ನಮ್ಮ ನಲ್ಲಿ ಯಾವಾಗಲೂ ತೆರೆದೇ ಇರುತ್ತೆ” ಎಂದಳು. ಅದು ಅವಳಿಗೆ ಖಚಿತವಿತ್ತು. ಬೆಳಿಗ್ಗೆ ಬಟ್ಟೆ ಹಾಕಿ ಗುಂಡಿ ಒತ್ತಿದರೆ ಒಂದು ದಿನವೂ ನೀರು ಬಾರದೆ ಇದ್ದದ್ದಿಲ್ಲ.

ಮರುದಿನ ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಿ ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಯಂತ್ರ ಒಣಗಿಸುತ್ತಿತ್ತು. ಅಪ್ಪ ಅದರ ಪಕ್ಕದಲ್ಲಿ ಮೊಣಕಾಲೂರಿ, ನೀರು ಬರುವ ಕೊಳವೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದರು. ಅವಳು ಚಿಕ್ಕವಳಿದ್ದಾಗ ರಸ್ತೆಯ ನಡುವೆ ಕಂಡಿದ್ದ ಅದೇ ಭಂಗಿ, ಅದೇ ಹಿಡಿದ ಉಸಿರು. ಕಣ್ಣು ತೆರೆದು, ಗೋಡೆಯ ನಲ್ಲಿಯನ್ನು ಗಟ್ಟಿಯಾಗಿ ಬಲಕ್ಕೆ ತಿರುಗಿಸಿ ಮುಚ್ಚಿದರು.

“ಅಪ್ಪಾ! ಏನ್ ಮಾಡ್ತಿದೀರಾ?”

“ಸೋರ್ತಿದೆ ಕಣೇ. ಸಣ್ಣಗೆ, ದಾರದ ಹಾಗೆ. ನಿಂಗೆ ಕೇಳಲ್ಲ. ಬಟ್ಟೆ ಒಗೆದು ಮುಗೀತಲ್ಲ, ಇನ್ನು ನೀರ್ಯಾಕೆ ಹೋಗಬೇಕು?”

ಅವಳಿಗೆ ಒಮ್ಮೆಲೇ ನಗುವೂ ಅಳುವೂ ಬಂತು. ರಿಪೇರಿಯವನು ಹೇಳಿದ್ದನ್ನೆಲ್ಲ ಹೇಳಿದಳು. ಅಪ್ಪ ಬಾಯಿ ತೆರೆದು ಕೇಳಿ, ತೊಡೆ ತಟ್ಟಿದರು. “ಒಣಗಿಸೋಕೆ ನೀರು ಬೇಕಂತಾ? ಸರಿ ಹೋಯ್ತು. ನಾಳೆ ಬೆಂಕಿ ಆರಿಸೋಕೆ ಸೀಮೆಎಣ್ಣೆ ತಾ ಅಂತೀಯ!” ಆಮೇಲೆ ಸ್ವಲ್ಪ ಯೋಚಿಸಿ, ಇಲಾಖೆಯ ದನಿಯಲ್ಲಿ ಹೇಳಿದರು: “ಹಾಗಾದ್ರೆ ಇದು ಸೋರಿಕೆ ಅಲ್ಲ, ಸರಬರಾಜು. ತಪ್ಪಾಯ್ತು ಇಂಜಿನಿಯರಮ್ಮನ ತಾಯಿ, ಇನ್ನು ಮುಟ್ಟಲ್ಲ.”

ಮತ್ತೆ ಬೆಳಿಗ್ಗೆ ನಲ್ಲಿ ತೆರೆದಿರುತ್ತಿತ್ತಲ್ಲ, ಅದು ಹೇಗೆ ಎಂದು ಕೇಳಿದ್ದಕ್ಕೆ, “ಬೆಳಿಗ್ಗೆ ಎದ್ದ ತಕ್ಷಣ ಬಿಡ್ತೀನಲ್ಲ. ಬೆಳಿಗ್ಗೆ ನೀರು ಬಿಡದೆ ಇರೋಕಾಗುತ್ತಾ?” ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಆ ದಿನ ಅಂಗಿಗಳು ಕಂಕುಳಿನವರೆಗೂ ಒಣಗಿ ಬಂದವು. ಅವಳು ಗಂಡನಿಗೆ ಫೋನ್ ಮಾಡಿ ಬೆಂಕಿ, ಸೀಮೆಎಣ್ಣೆಯ ಮಾತು ಹೇಳಿ ನಕ್ಕಳು. ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು. ಹೆದರಿದ್ದಕ್ಕೆಲ್ಲ ಕಾರಣವೊಂದಿತ್ತಲ್ಲ, ಅದೂ ಒಬ್ಬ ಒಳ್ಳೆಯ ಕೆಲಸಗಾರನ ಹಳೆಯ ಅಭ್ಯಾಸ. ಸೋಮವಾರ ನಿಶ್ಚಿಂತೆಯಿಂದ ಹೋಗಬಹುದು.

ಮರುದಿನ ಮಧ್ಯಾಹ್ನ ಯಂತ್ರದ ಬಾಗಿಲು ತೆಗೆದಾಗ ಮುಖಕ್ಕೆ ಹಬೆ ಬಡಿಯಿತು. ಬಟ್ಟೆಯೆಲ್ಲ ಒದ್ದೆ. ನಲ್ಲಿ ಮುಚ್ಚಿತ್ತು.

ಅಪ್ಪ ಕಿಟಕಿಯ ಬಳಿ ಮಗುವಿಗೆ ಪಕ್ಕದ ಕಟ್ಟಡದ ಗೋಡೆಯ ಮೇಲಿನ ಪಾರಿವಾಳ ತೋರಿಸುತ್ತಿದ್ದರು.

“ಅಪ್ಪಾ, ನಲ್ಲಿ ಮುಚ್ಚಿದ್ರಾ?”

“ಹೂಂ ಕಣೇ. ಸೋರ್ತಿದೆ ಅದು. ಸಣ್ಣಗೆ, ದಾರದ ಹಾಗೆ. ನಿಂಗೆ ಕೇಳಲ್ಲ.”

ಗೇಲಿ ಮಾಡುತ್ತಿದ್ದಾರೆ ಎಂದುಕೊಂಡಳು. ಮುಖ ನೋಡಿದಳು. ತುಟಿಯ ಕೊನೆಯಲ್ಲಿ ನಗುವಿರಲಿಲ್ಲ. ಒಣಗಿಸಲು ನೀರು ಬೇಕೆಂದು ಮೆಲ್ಲಗೆ ಮತ್ತೆ ಹೇಳಿದಳು. ಹೇಳುತ್ತಿರುವಾಗಲೇ, ದೇವರೇ, ಆ ಮಾತು ಬಾರದಿರಲಿ ಎಂದು ಬೇಡಿಕೊಂಡಳು.

ಅಪ್ಪ ಬಾಯಿ ತೆರೆದು ಕೇಳಿ, ತೊಡೆ ತಟ್ಟಿದರು. “ಒಣಗಿಸೋಕೆ ನೀರು ಬೇಕಂತಾ? ಸರಿ ಹೋಯ್ತು. ನಾಳೆ ಬೆಂಕಿ ಆರಿಸೋಕೆ ಸೀಮೆಎಣ್ಣೆ ತಾ ಅಂತೀಯ!”

ಆಗತಾನೇ ಹೊಳೆದ ಮಾತಿನಂತೆ, ಅಷ್ಟೇ ಸಂಭ್ರಮದಿಂದ ಹೇಳಿ, ಅವಳು ನಗಲೆಂದು ಕಾದರು. ಅವಳು ನಗಲಿಲ್ಲ.

“ಅಪ್ಪಾ, ಇದನ್ನ ನಿನ್ನೆ ಹೇಳಿದ್ನಲ್ಲ. ನೀವು ನಿನ್ನೇನೂ ಇದೇ ಮಾತು ಹೇಳಿದ್ರಿ.”

ಒಂದು ಕ್ಷಣ ಅವರ ಮುಖದಲ್ಲಿ ಏನೋ ಹಾದುಹೋಯಿತು. ಕತ್ತಲ ಮೆಟ್ಟಿಲಿಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆಯೆಂದುಕೊಂಡು ಕಾಲಿಟ್ಟವನ ಮುಖ. ಮರುಕ್ಷಣ ಸಾವರಿಸಿಕೊಂಡು, “ಗೊತ್ತು ಕಣೇ. ನಿಂಗೆ ನೆನಪಿದೆಯಾ ಅಂತ ಪರೀಕ್ಷೆ ಮಾಡ್ದೆ” ಎಂದು ಮಗುವಿನ ಕೆನ್ನೆ ಹಿಂಡಿದರು.

ಅಲ್ಲೇ ಅವಳ ಕಾಲಡಿಯ ನೆಲ ಕುಸಿದದ್ದು. ಅಪ್ಪ ಮೊದಲಿನಿಂದಲೂ ಹಾಸ್ಯಗಾರ. ಮರೆತದ್ದನ್ನೂ ಮನೆಯವರು ಹಾಸ್ಯದ ಲೆಕ್ಕಕ್ಕೇ ಸೇರಿಸಿದ್ದರು. ಹಾಲಿನ ಸೀಸೆ ಹಿಡಿದು ಅಡುಗೆಮನೆಯಲ್ಲಿ ನಿಂತು “ಇದು ಯಾರಿಗಮ್ಮ, ನನಗಾ?” ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಕೆಳಮಹಡಿಯವರ ಬಾಗಿಲು ತಟ್ಟಿ ಅವರ ಸೋಫಾದಲ್ಲಿ ಕೂತು “ಕಾಫಿ ಸಿಗುತ್ತಾ ಈ ಹೋಟೆಲಲ್ಲಿ?” ಎಂದಿದ್ದನ್ನು ಆ ಮನೆಯಾಕೆ ಇಂದಿಗೂ ಹೇಳಿಕೊಂಡು ನಗುತ್ತಾಳೆ. ಈಗ ಆ ನಗುವನ್ನೆಲ್ಲ ಅವಳು ಒಂದೊಂದಾಗಿ ತಿರುಗಿ ಎಣಿಸಿದಳು.

ನಲ್ಲಿಯ ಮೇಲೆ “ಮುಚ್ಚಬೇಡಿ” ಎಂದು ದಪ್ಪಕ್ಷರದ ಚೀಟಿ ಅಂಟಿಸಿದಳು. ಅಪ್ಪ ಅದನ್ನು ಓದಿ, ಯಾರೋ ತಿಳಿಗೇಡಿ ಬರೆದಿದ್ದಾನೆಂದು ಬೈದು, ಹರಿದುಹಾಕಿ, ನಲ್ಲಿ ಮುಚ್ಚಿದರು. ನೀರನ್ನು ದಂಡ ಮಾಡು ಎಂದು ಬರೆದರೆ ಅವರು ಯಾಕೆ ಕೇಳಿಯಾರು?

“ವಯಸ್ಸಾಯ್ತು ಕಣೇ, ಎಲ್ಲರಿಗೂ ಆಗೋದೇ” ಎಂದ ಗಂಡ. “ಆ ನಲ್ಲಿಗೆ ಒಂದು ಬೀಗ ಹಾಕ್ಸೋಣ. ಸಿಗುತ್ತೆ ಅಂಥದ್ದು.”

“ನಲ್ಲಿಗೆ ಹಾಕ್ಸು. ಗ್ಯಾಸ್ ಒಲೆಗೆ? ಮೆಟ್ಟಿಲ ಬಾಗಿಲಿಗೆ? ಮಗೂನ ಸ್ನಾನದ ಟಬ್‌ನಲ್ಲಿ ಕೂರ್ಸಿ ಯಾಕೆ ಬಂದೆ ಅಂತ ಮರೆತ್ರೆ ಅದಕ್ಕೆಲ್ಲಿ ಹಾಕಿಸ್ತೀಯ ಬೀಗ?”

“ಅವರಿಗೆ ಹೇಗೆ ಹೇಳೋದು?” ಎಂದ ಗಂಡ. ಅದೇ ಅವಳಿಗೂ ಗೊತ್ತಿರಲಿಲ್ಲ. ಲ್ಯಾಬಿನ ಗೆಳತಿ ಮರೆವಿನ ಕಾಯಿಲೆಯ ಡಾಕ್ಟರೊಬ್ಬರ ನಂಬರು ಕಳಿಸಿದ್ದಳು. ಅವಳು ಅದನ್ನು ತೆರೆದು ನೋಡುವಳು, ಮುಚ್ಚಿಡುವಳು. ಹೇಳಿಬಿಟ್ಟರೆ ನಿಜವಾಗುತ್ತದೆ, ಹೇಳದಿದ್ದರೆ ಇನ್ನೊಂದು ದಿನದ ಮಟ್ಟಿಗಾದರೂ ಅಪ್ಪ ಅಪ್ಪನೇ. ಇವತ್ತು ನಲ್ಲಿ ಮುಚ್ಚದಿದ್ದರೆ ಫೋನ್ ಮಾಡುವುದಿಲ್ಲ ಎಂದುಕೊಳ್ಳುವಳು. ಅಪ್ಪ ಮುಚ್ಚುವರು. ನಾಳೆ ಮುಚ್ಚಿದರೆ ಮಾಡಿಯೇ ಬಿಡುತ್ತೇನೆ ಎಂದುಕೊಳ್ಳುವಳು. ಕದ್ದು ಹೋಗಿ ತಾನೇ ನಲ್ಲಿ ತೆರೆದು ಬರುವಳು. ಒಂದೇ ಮನೆಯಲ್ಲಿ ಅಪ್ಪ ಮುಚ್ಚುವುದು, ಮಗಳು ತೆರೆಯುವುದು, ಇಬ್ಬರೂ ಅದರ ಬಗ್ಗೆ ಮಾತೆತ್ತದಿರುವುದು. ವಾರದ ಕೊನೆಯವರೆಗೂ ಅದೇ ಕಣ್ಣುಮುಚ್ಚಾಲೆ.

ಅವಳನ್ನು ಇನ್ನಷ್ಟು ಕೊಲ್ಲುತ್ತಿದ್ದದ್ದು, ಅವರು ಮಗುವನ್ನು ನೋಡಿಕೊಳ್ಳುತ್ತಿದ್ದ ಚಂದ. ಹಣ್ಣು ಕಿವುಚಿ ಚಮಚದ ತುದಿಯಲ್ಲಿ ತಿನ್ನಿಸುವಾಗ ಮಗು ಬಾಯಿ ತೆರೆದರೆ ಅವರ ಬಾಯಿಯೂ ತಾನಾಗಿ ತೆರೆಯುವುದು. ಎದೆ ಕಿರ್ ಎಂದರೆ ಅವಳಿಗಿಂತ ಮೊದಲು ಅವರಿಗೇ ಕೇಳುವುದು. ಬೆನ್ನಿಗೆ ಕಿವಿಯಿಟ್ಟು, “ಎಡಗಡೆ ಸ್ವಲ್ಪ ಕಟ್ಟಿಕೊಂಡಿದೆ” ಎನ್ನುವರು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿದರೆ ಎಡಗಡೆಯೇ ಇರುವುದು. ಇಂಥವರ ಕೈಯಿಂದ ಮಗುವನ್ನು ತೆಗೆದುಕೊಳ್ಳುವುದು ಹೇಗೆ?

ಶನಿವಾರ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಅವಳು ಬಟ್ಟೆ ಮಡಿಸುತ್ತ ಕೂತಿದ್ದಳು. ಅಪ್ಪ ಬಂದು ಎದುರು ಕೂತು, ಒಂದು ಪುಟ್ಟ ಅಂಗಿ ಎತ್ತಿಕೊಂಡು ಮಡಿಸಿದರು. ಇನ್ನೊಂದನ್ನು ಎತ್ತಿಕೊಂಡು ಹಾಗೇ ಕೈಯಲ್ಲಿ ಹಿಡಿದು ಕೂತರು.

“ಮಗಳೇ, ದೊಡ್ಡ ಪೈಪಿನ ವಾಲ್ವ್ ತಿರುಗಿಸೋಕೆ ನಾವು ಒಬ್ಬೊಬ್ಬರೇ ಹೋಗ್ತಾ ಇರಲಿಲ್ಲ. ಇಬ್ಬರು ಹೋಗಬೇಕು. ಒಬ್ಬ ತಿರುಗಿಸಬೇಕು, ಇನ್ನೊಬ್ಬ ಎಷ್ಟು ಸುತ್ತಾಯ್ತು ಅಂತ ಎಣಿಸಬೇಕು. ಅದು ರೂಲು.”

“ಹೂಂ, ಹೇಳ್ತಿದ್ರಿ.”

“ಸೋಮವಾರದಿಂದ ನನ್ನ ಜೊತೆ ಯಾರನ್ನಾದ್ರೂ ಹಾಕು.” ಅಂಗಿಯ ಗುಂಡಿಯನ್ನು ಹಾಕಿದರು, ಬಿಚ್ಚಿದರು. “ನಲ್ಲಿ ಮುಂದೆ ನಿಂತ್ಕೋತೀನಿ ಕಣೇ. ತಿರುಗಿಸಿದ್ನಾ, ತಿರುಗಿಸ್ಬೇಕಾ, ಗೊತ್ತಾಗಲ್ಲ. ಕೈ ತಾನಾಗಿ ಹೋಗುತ್ತೆ. ನಿನ್ನ ಮುಖ ನೋಡಿದ್ಮೇಲೆ, ಓ ಏನೋ ಮಾಡಿದೀನಿ ಅಂತ ಗೊತ್ತಾಗುತ್ತೆ. ಏನು ಅಂತ ಗೊತ್ತಾಗಲ್ಲ.”

“ಅಪ್ಪಾ...”

“ನಗಿಸಿ ನಗಿಸಿ ಇಲ್ಲಿ ತನಕ ತಳ್ಳಿದೆ. ನೀನೂ ಈಗ ನಗೋದು ಬಿಟ್ಟಿದೀಯ. ಮಗು ಮಾತು ಬಾರದ್ದು. ನಾನು ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ರೆ ಅದು ಹೇಳಲ್ಲ. ನಾನೂ ಹೇಳೋಕಾಗಲ್ಲ.”

ಅವಳಿಗೆ ಏನೇನೋ ಹೇಳಬೇಕೆನ್ನಿಸಿತು. ಏನೂ ಆಗಿಲ್ಲ ಎನ್ನಬೇಕೆನ್ನಿಸಿತು, ಸುಳ್ಳೆಂದು ಗೊತ್ತಿದ್ದೂ. ಅಪ್ಪನ ಕಣ್ಣು ಒಣಗಿತ್ತು, ಅಳುತ್ತಿದ್ದವಳು ಅವಳೇ. ಮಡಿಸಿಟ್ಟ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ತೆವಳಿಕೊಂಡು ಬಂದ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಫೋನ್ ತೆಗೆದಳು. ಒಳಕೋಣೆಗೆ ಹೋಗಿ ಮಾತಾಡಲೆಂದು ಏಳಹೋದಳು.

“ಇಲ್ಲೇ ಮಾಡು,” ಎಂದರು ಅಪ್ಪ. “ನನ್ನ ವಿಷಯ ತಾನೆ? ನಾನೂ ಕೇಳ್ತೀನಿ.”

ಆ ಕಡೆ ಮರೆವಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಬ್ಬ ಹೆಂಗಸು ಫೋನ್ ಎತ್ತಿದಳು. ಚುರುಕು ದನಿ, ಹಿಂದೆ ಬೇರೆ ಫೋನುಗಳ ಗದ್ದಲ.

“ಪೇಷಂಟ್ ಯಾರು ಮೇಡಂ?”

“ನಮ್ಮಪ್ಪ.”

“ಏನು ತೊಂದರೆ?”

ಅವಳು ಅಪ್ಪನ ಕಡೆ ನೋಡಿದಳು. ಅವರು, ಹೇಳು ಎಂಬಂತೆ ತಲೆಯಾಡಿಸಿದರು.

“ಮರೆವು,” ಎಂದಳು. “ಹೇಳಿದ್ದು ಮರೆತುಹೋಗುತ್ತೆ. ಮಾಡಿದ್ದು ಮರೆತುಹೋಗುತ್ತೆ. ಸುಮಾರು ದಿನದಿಂದ ಇದೆ. ನಾವು... ನಾವು ತಮಾಷೆ ಅಂದ್ಕೊಂಡಿದ್ವಿ.”

“ಸೋಮವಾರ ಬೆಳಿಗ್ಗೆ ಒಂದು ಜಾಗ ಇದೆ. ಬಿಟ್ರೆ ಮುಂದಿನ ತಿಂಗಳು. ಜೊತೆಗೆ ಮನೆಯವರೊಬ್ಬರು ಬರಲೇಬೇಕು. ಆಗುತ್ತಾ?”

ಸೋಮವಾರ ಬೆಳಿಗ್ಗೆ ಅವಳು ಲ್ಯಾಬಿನಲ್ಲಿರಬೇಕಿತ್ತು. ಮಗು ಫೋನಿನ ಕಡೆ ಕೈ ಚಾಚಿತು. ಅಪ್ಪ ಅದರ ಬೆರಳು ಹಿಡಿದು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು.

“ಆಗುತ್ತೆ,” ಎಂದಳು. “ಬರ್ತೀವಿ. ಮೂರು ಜನ ಬರ್ತೀವಿ.”